ಬಿಳಿ ಬೆಣ್ಣೆಯ ತೂಕ

ಮಗಳಿಗೆ ಆರು ತುಂಬಿದ ವರ್ಷ ಫಿಟ್ಸ್ ಶುರುವಾಯಿತು. ಮೊದಮೊದಲು ಅದು ಫಿಟ್ಸ್ ಎಂದೇ ನಮಗೆ ಗೊತ್ತಾಗಲಿಲ್ಲ. ಊಟಕ್ಕೆ ಕೂತವಳು ತುತ್ತನ್ನು ಕೈಯಲ್ಲಿ ಹಿಡಿದುಕೊಂಡೇ ಎಲ್ಲೋ ನೋಡುತ್ತಿದ್ದಳು, ಕರೆದರೆ ಕೇಳಿಸಿಕೊಳ್ಳುತ್ತಿರಲಿಲ್ಲ, ಮರುಗಳಿಗೆ ಏನೂ ಆಗದವಳ ಹಾಗೆ ತುತ್ತು ಬಾಯಿಗಿಡುತ್ತಿದ್ದಳು. ಮಕ್ಕಳ ಹಗಲುಗನಸು ಎಂದುಕೊಂಡೆವು. ಒಂದು ಶುಕ್ರವಾರ ಪಲ್ಲಾವರಂ ಸಂತೆಯಲ್ಲಿ ನನ್ನ ಕೈ ಹಿಡಿದು ನಡೆಯುತ್ತಿದ್ದವಳು ಇದ್ದಕ್ಕಿದ್ದ ಹಾಗೆ ಮುಂದಕ್ಕೆ ಬಿದ್ದಳು. ಬಿದ್ದ ಮೇಲೆ ಕೈಕಾಲು ಸೆಟೆದುಕೊಂಡವು. ಹೂಕುಂಡ ಮಾರುತ್ತಿದ್ದ ಹೆಂಗಸು ತನ್ನ ಗೋಣಿಚೀಲವನ್ನು ಅವಳ ತಲೆಯಡಿ ಇಟ್ಟು, ನನ್ನ ತೋಳು ಹಿಡಿದು ಕೂರಿಸಿದ್ದು ನೆನಪಿದೆ. ನಾನೇನು ಮಾಡಿದೆ ಎನ್ನುವುದು ನೆನಪಿಲ್ಲ.

ನಾವು ಮದುವೆಯಾದ ಮೇಲೆ ಮೈಸೂರಿನಿಂದ ಈ ತಮಿಳು ಊರಿಗೆ ಬಂದವರು. ನನ್ನ ಗಂಡನಿಗೆ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಕೆಲಸ. ನಾನು ಗಿಂಡಿಯ ಒಂದು ಇನ್ಶೂರೆನ್ಸ್ ಆಫೀಸಿಗೆ ದಿನಾ ತಾಂಬರಂನಿಂದ ಲೋಕಲ್ ಟ್ರೇನಿನಲ್ಲಿ ಹೋಗಿಬರುತ್ತಿದ್ದೆ. ಮಗಳು ಇಲ್ಲೇ ಹುಟ್ಟಿ ಇಲ್ಲಿಯ ಶಾಲೆಗೆ ಸೇರಿದವಳು. ನಾವು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಆಸ್ಪತ್ರೆಯಲ್ಲಿ ಅದೊಂದು ಅನುಕೂಲವೇ ಆಯಿತು. ಡಾಕ್ಟರು, ನರ್ಸುಗಳು ಕೇಳಿದ್ದಕ್ಕೆಲ್ಲ ತಾನೇ ಹೇಳುತ್ತಿದ್ದಳು, ಬೀಳುವುದಕ್ಕೆ ಮುಂಚೆ ಮೂಗಿಗೆ ಸುಟ್ಟ ವಾಸನೆ ಬರುತ್ತದೆ ಎನ್ನುವುದನ್ನೂ. ನನಗೆ ಅದನ್ನು ಅವಳು ಯಾವತ್ತೂ ಹೇಳಿರಲಿಲ್ಲ.

ಒಂದು ಔಷಧಿ ಕೊಟ್ಟರು, ಆಮೇಲೆ ಇನ್ನೊಂದು ಸೇರಿಸಿದರು, ಆಮೇಲೆ ಮೊದಲನೆಯದನ್ನು ತೆಗೆದು ಮೂರನೆಯದು. ಫಿಟ್ಸ್ ನಿಲ್ಲಲಿಲ್ಲ, ಮಗು ಮಾತ್ರ ಮಂಕಾಯಿತು. ಕ್ಲಾಸಿನಲ್ಲಿ ಬೆಂಚಿನ ಮೇಲೆ ತಲೆಯಿಟ್ಟು ಮಲಗುತ್ತಾಳೆ ಎಂದು ಟೀಚರ್ ಫೋನ್ ಮಾಡಿದರು. ಆಗ ಡಾಕ್ಟರು ಊಟದ ಚಿಕಿತ್ಸೆಯ ವಿಚಾರ ತೆಗೆದರು. ಅನ್ನ, ಇಡ್ಲಿ, ಹಣ್ಣು, ಸಕ್ಕರೆ ಹೆಚ್ಚುಕಡಿಮೆ ಪೂರ್ತಿ ಬಂದ್. ಅದರ ಬದಲು ಬೆಣ್ಣೆ, ತುಪ್ಪ, ತೆಂಗಿನಕಾಯಿ, ಕೆನೆ, ಪನೀರು. ಮಿಕ್ಕಿದ್ದೆಲ್ಲ ಒಂದು ಪಾಲಾದರೆ ಕೊಬ್ಬು ಮೂರು ಪಾಲು. ಹಾಗೆ ತಿಂದರೆ ಮಿದುಳು ಬೇರೆ ರೀತಿಯ ಇಂಧನದ ಮೇಲೆ ಓಡುತ್ತದೆ, ಕೆಲವು ಮಕ್ಕಳಿಗೆ ಫಿಟ್ಸ್ ಕಡಿಮೆಯಾಗುತ್ತದೆ ಎಂದರು. "ಪಥ್ಯ ಅಂತ ತಿಳ್ಕೋಬೇಡಿ. ಇದೇ ಔಷಧಿ. ಔಷಧಿ ಡೋಸ್ ತಪ್ಪಿಸ್ತೀರಾ?" ಎಂದು ಕೇಳಿದರು. ಇಲ್ಲ ಎಂದು ಇಬ್ಬರೂ ತಲೆಯಾಡಿಸಿದೆವು.

ಅಲ್ಲಿಯ ಡಯಟಿಷಿಯನ್ ನನಗಿಂತ ಚಿಕ್ಕ ವಯಸ್ಸಿನ ಹುಡುಗಿ, ತಮಿಳಿನವಳು. ಚಮಚ, ಲೋಟ, ಕಪ್ಪು ಎಲ್ಲ ಮರೆತುಬಿಡಿ, ಇನ್ನು ಮೇಲೆ ಗ್ರಾಂ ಮಾತ್ರ ಎಂದಳು. ಪುರಸೈವಾಕ್ಕಂನ ಪಾತ್ರೆ ಅಂಗಡಿಯೊಂದರಲ್ಲಿ ಅಂಗೈಗಲದ ತಕ್ಕಡಿ ತಂದೆವು, ಬ್ಯಾಟರಿಯದು. ಅಡುಗೆಮನೆಯ ಕಟ್ಟೆಯ ಮೇಲೆ ಮಿಕ್ಸಿ ಇದ್ದ ಜಾಗದಲ್ಲಿ ಅದು ಕೂತಿತು.

ಗ್ರಾಂ ಮಾತ್ರ ಎನ್ನುವುದು ಹೇಳುವಷ್ಟು ಸುಲಭವಾಗಿರಲಿಲ್ಲ. ಇಂಥದೇ ಮಕ್ಕಳಿರುವ ತಾಯಂದಿರು ಬೇರೆ ಬೇರೆ ದೇಶಗಳಿಂದ ಇಂಟರ್ನೆಟ್ಟಿನಲ್ಲಿ ಅಡುಗೆ ವಿಧಾನ ಬರೆಯುತ್ತಿದ್ದರು. ಅವರವರ ಮಗು ಕೊನೆಗೂ ಬಾಯಿಬಿಟ್ಟು ತಿಂದ ಬಿಸ್ಕತ್ತು, ದೋಸೆ, ಐಸ್‌ಕ್ರೀಮು. ಅಲ್ಲೆಲ್ಲ ಬೆಣ್ಣೆ ಕಪ್ಪಿನ ಲೆಕ್ಕ, ದೊಡ್ಡ ಚಮಚದ ಲೆಕ್ಕ. ಒಂದು ಕಪ್ಪು ಅಂದರೆ ಇನ್ನೂರ ಇಪ್ಪತ್ತೇಳು ಗ್ರಾಂ, ದೊಡ್ಡ ಚಮಚ ಅಂದರೆ ಹದಿನಾಲ್ಕು. ಟ್ರೇನಿನಲ್ಲಿ ನಿಂತು ಅರ್ಧ ಕಪ್ಪು, ಕಾಲು ಕಪ್ಪು ಎಂದು ಮನಸ್ಸಿನಲ್ಲೇ ಗ್ರಾಂ ಮಾಡುತ್ತಿದ್ದೆ. ಅವರ ಚಮಚದ ಅಳತೆ ನಮ್ಮ ಮನೆಯ ಎಲ್ಲ ಚಮಚಕ್ಕೂ ಕೂಡುತ್ತಿರಲಿಲ್ಲ. ಕರಗಿಸಿ ಅಳೆಯೋಣವೆಂದರೆ ಬೆಣ್ಣೆ ಕರಗಿದ ಮೇಲೆ ಮೇಲೊಂದು ಕೆಳಗೊಂದು ಆಗುತ್ತದೆ, ಮೇಲಿನ ಚಮಚದಲ್ಲಿ ಬರೀ ತುಪ್ಪ, ತಳದ್ದರಲ್ಲಿ ಬೆಳ್ಳಗಿನ ನೀರು. ಕೊನೆಗೆ ಎಲ್ಲವನ್ನೂ ಗಟ್ಟಿಯಾಗಿಯೇ ತಕ್ಕಡಿಗೆ ಹಾಕುವುದೆಂದು ನಿಶ್ಚಯಿಸಿದೆ.

ಒಂದು ಹೊತ್ತಿನ ಊಟಕ್ಕೆ ಮೂವತ್ತು ಗ್ರಾಂ ಮೇಲೆ ಬೆಣ್ಣೆ ಆ ಸಣ್ಣ ಹೊಟ್ಟೆಗೆ ಹೋಗಬೇಕಿತ್ತು. ಪನೀರಿಗೆ ಕಲಸಿ ಕೊಟ್ಟೆ, ಕಾಯಿಹಾಲಿಗೆ ಸೇರಿಸಿ ಕೊಟ್ಟೆ, ಹೂಕೋಸನ್ನು ಅನ್ನದ ಅಗುಳಿನಷ್ಟು ಸಣ್ಣಗೆ ಹೆಚ್ಚಿ ಅದರಲ್ಲಿ ಬೆಣ್ಣೆ ಬಚ್ಚಿಟ್ಟೆ. "ಪೋದುಂ ಅಮ್ಮಾ," ಸಾಕಮ್ಮ ಎಂದು ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ತಟ್ಟೆಯಲ್ಲಿ ಅಂಟಿದ್ದನ್ನೂ ಬೆರಳಿನಿಂದ ಬಳಿದು ತಿನ್ನಿಸಬೇಕಿತ್ತು. ಅವಳೆದುರು ನಾವು ಅನ್ನ ತಿನ್ನುವುದನ್ನು ಬಿಟ್ಟೆವು. ಅವಳು ಶಾಲೆಗೆ ಹೋದ ಮೇಲೆ ನಾನು ನಿಂತುಕೊಂಡೇ ಮೊಸರನ್ನ ತಿಂದು ಸ್ಟೇಷನ್ನಿಗೆ ಓಡುತ್ತಿದ್ದೆ.

ಆದರೆ ಫಿಟ್ಸ್ ಕಡಿಮೆಯಾಯಿತು. ಮೂತ್ರದಲ್ಲಿ ಅದ್ದಿ ನೋಡುವ ಕಾಗದದ ಪಟ್ಟಿ ಕೊಟ್ಟಿದ್ದರು. ದೇಹ ಕೊಬ್ಬಿನ ಮೇಲೆ ನಡೆಯುತ್ತಿದ್ದರೆ ಅದು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಬೆಳಿಗ್ಗೆ ಅದು ಗಾಢವಾಗಿ ತಿರುಗಿದ್ದನ್ನು ನೋಡಿದರೆ ನನಗೆ ಅವತ್ತಿನ ಮಟ್ಟಿಗೆ ಉಸಿರಾಡಲು ಅನುಮತಿ ಸಿಕ್ಕ ಹಾಗೆ ಆಗುತ್ತಿತ್ತು. ಎರಡನೆಯ ತಿಂಗಳ ಹೊತ್ತಿಗೆ ಬೀಳುವುದು ನಿಂತೇಹೋಯಿತು. ಒಂದು ಔಷಧಿ ಕಡಿಮೆ ಮಾಡಿದರು. ಮಗು ಮತ್ತೆ ಜಗಳ ಆಡತೊಡಗಿತು, ಮೆಟ್ಟಿಲು ಹಾರತೊಡಗಿತು. ಹಾಗೆ ಹಾರುವಾಗ ಬೈಯಬೇಕೆನಿಸಿದರೂ ಸುಮ್ಮನೆ ನೋಡುತ್ತ ನಿಲ್ಲುತ್ತಿದ್ದೆ.

ಅಷ್ಟರಲ್ಲಿ ನನ್ನ ರಜೆಗಳೆಲ್ಲ ಮುಗಿದಿದ್ದವು. ನಂಜನಗೂಡಿನಿಂದ ಅತ್ತೆ ಬಂದರು.

ಅತ್ತೆ ಒಳ್ಳೆಯವರು, ಮಾತು ಸ್ವಲ್ಪ ಬಿರುಸು. ನಾಲ್ಕು ಮಕ್ಕಳನ್ನು ಸಾಕಿದವರಿಗೆ ಈ ಊಟ ಒಪ್ಪಿಗೆಯಾಗಲಿಲ್ಲ. "ಅನ್ನ ತಿನ್ನೋ ಮಗೂಗೆ ಬೆಣ್ಣೆ ತುರುಕ್ತೀರಲ್ಲಮ್ಮ. ಹೆಂಗ್ ನೋಡ್ತೀಯ ನೀನು?" ಎಂದು ಮೊದಲ ದಿನವೇ ಕೇಳಿದರು. ನಾನು ಸಂತೆಯಲ್ಲಿ ಅವಳು ಬಿದ್ದದ್ದನ್ನು ಹೇಳಿದೆ. ಅವರು ಮತ್ತೆ ಆ ಮಾತೆತ್ತಲಿಲ್ಲ.

ಕೆಲವು ದಿನಗಳಾದ ಮೇಲೆ ಅವರು ಬೆಣ್ಣೆಯನ್ನು ತಕ್ಕಡಿಗೆ ಹಾಕದೆ ಚಮಚದಲ್ಲಿ ತೆಗೆದು ತಟ್ಟೆಗೆ ಹಾಕುತ್ತಿರುವುದು ಕಂಡಿತು.

"ಅತ್ತೆ, ತೂಕ ಮಾಡ್ಲಿಲ್ವಾ?"

"ಎರಡು ಚಮಚ, ಅದರ ಮೇಲೆ ಇಷ್ಟು. ದಿನಾ ಅಷ್ಟೇ ಬರೋದು ಕಣಮ್ಮ. ಅಡುಗೆ ಮಾಡಿ ಮಾಡಿ ಕೈ ಪಳಗಿಲ್ವಾ ನಂದು?"

ನಾನು ಜಗಳಕ್ಕೆ ಹೋಗಲಿಲ್ಲ. ಫ್ರಿಜ್ಜಿನಿಂದ ಬೆಣ್ಣೆ ತೆಗೆದು, ನೀವೇ ಒಂದು ಚಮಚ ಹಾಕಿ ಎಂದು ತಕ್ಕಡಿ ಮುಂದಿಟ್ಟೆ. ಗಟ್ಟಿ ಬೆಣ್ಣೆ ಚಮಚದ ಮೇಲೆ ಗುಡ್ಡೆಯಾಗಿ ನಿಂತಿತು. ಹತ್ತೊಂಬತ್ತು ಗ್ರಾಂ. ಹೊರಗಿಟ್ಟು ಮೆತ್ತಗಾದ ಮೇಲೆ ಅದೇ ಚಮಚದಲ್ಲಿ ಅಂಚಿಗೆ ಸರಿಯಾಗಿ ಸವರಿ ಹಾಕಿದರೆ ಹದಿನಾಲ್ಕು. ಅವಸರದಲ್ಲಿ ಕೆರೆದು ತೆಗೆದದ್ದು, ನಡುವೆ ಗಾಳಿ ಸೇರಿಕೊಂಡದ್ದು, ಹನ್ನೊಂದು. ಅತ್ತೆ ಕನ್ನಡಕ ಹಾಕಿಕೊಂಡು ಮೂರು ಸಲವೂ ಬಗ್ಗಿ ಅಂಕಿ ನೋಡಿದರು.

"ಒಂದೇ ಚಮಚ ಅಲ್ವಾ ಇದು?" ಎಂದರು.

"ಒಂದೇ."

"ಸರಿ. ನಾಳೆಯಿಂದ ನಾನೇ ತೂಗ್ತೀನಿ. ನೀನು ನೆಮ್ಮದಿಯಾಗಿ ಆಫೀಸಿಗೆ ಹೋಗು."

ಹೇಳಿದ ಹಾಗೇ ನಡೆದುಕೊಂಡರು. ನನಗಿಂತ ಕಟ್ಟುನಿಟ್ಟಾದರು. ಒಂದು ಗ್ರಾಂ ಹೆಚ್ಚಾದರೆ ಚಾಕುವಿನ ತುದಿಯಿಂದ ತೆಗೆಯುತ್ತಿದ್ದರು, ಕಡಿಮೆಯಾದರೆ ಸೇರಿಸುತ್ತಿದ್ದರು. ಮಗಳು ಅವರನ್ನು ಪಾಟಿ ಎಂದು ಕರೆಯುತ್ತಿದ್ದಳು. ಅಜ್ಜಿ ಅನ್ನು ಎಂದು ಅವರು ಎಷ್ಟು ತಿದ್ದಿದರೂ ಕೇಳಲಿಲ್ಲ. ಕೊನೆಗೆ ಅವರೇ "ಬಾ, ಪಾಟಿ ಕೊಡ್ತೀನಿ" ಎನ್ನತೊಡಗಿದರು. ನಾನು ಸಂಜೆ ಬಾಗಿಲು ತೆರೆದರೆ ಇಬ್ಬರೂ ನೆಲದ ಮೇಲೆ ಕೂತು ಕವಡೆಯಾಡುತ್ತಿರುತ್ತಿದ್ದರು. ಅಂಥ ಸಂಜೆಗಳಲ್ಲಿ ನಮ್ಮ ಕಷ್ಟ ಮುಗಿಯಿತೆಂದೇ ನಾನು ನಂಬಿದ್ದೆ.

ಮಗಳಿಗೆ ಅಂಗಡಿಯ ಹಳದಿ ಬೆಣ್ಣೆಯ ವಾಸನೆ ಹಿಡಿಸದಂತಾಯಿತು. ತಟ್ಟೆ ನೋಡಿದರೆ ಓಕರಿಸುತ್ತಿದ್ದಳು. ಒಂದು ದಿನ ವಾಂತಿಯೇ ಆಯಿತು. ನಮ್ಮ ಬೀದಿಯ ಕೊನೆಯಲ್ಲಿ ಎಮ್ಮೆ ಕಟ್ಟಿದವರೊಬ್ಬರಿದ್ದರು. ಅತ್ತೆ ಅವರಿಂದ ಹಾಲು ಗೊತ್ತುಮಾಡಿ, ದಿನಾ ಕೆನೆ ತೆಗೆದು ಹೆಪ್ಪು ಹಾಕಿ ಕೂಡಿಟ್ಟು, ಮಿಕ್ಸಿಯಲ್ಲಿ ಐಸ್ ನೀರು ಹಾಕಿ ಕಡೆದು, ಬಿಳಿ ಬೆಣ್ಣೆ ತೆಗೆದರು. ಬಟ್ಟಲಿನಲ್ಲಿ ನೀರಿನೊಳಗೆ ತೇಲುತ್ತಿದ್ದ ಆ ಮುದ್ದೆಯನ್ನು ಮಗಳು ಬೆರಳಲ್ಲಿ ಮುಟ್ಟಿ, ನೆಕ್ಕಿ, ಇನ್ನೊಂದು ಸಲ ನೆಕ್ಕಿದಳು. ಬಾಯಿ ತಾನಾಗಿ ತೆರೆದಳು. ಅತ್ತೆಯ ಕಣ್ಣಲ್ಲಿ ನೀರು ಬಂತು. ನನಗೂ ಬಂತು.

"ಇದನ್ನೇ ಕೊಡೋಣ್ವಾ?" ಎಂದು ಅವರು ಕೇಳಿದರು. "ಅಷ್ಟೇ ಗ್ರಾಂ ತೂಗಿ ಕೊಡ್ತೀನಿ."

"ಕೊಡಿ ಅತ್ತೆ," ಎಂದೆ.

ಊಟ ಸಲೀಸಾಯಿತು. ಬೆಳಗಿನ ಪಟ್ಟಿಯ ಬಣ್ಣ ಸ್ವಲ್ಪ ತೆಳುವಾಗುತ್ತಿದೆ ಎಂದು ಒಂದೆರಡು ಸಲ ಅನ್ನಿಸಿತು. ಡಬ್ಬಿ ಹಳೆಯದಾಗಿರಬೇಕು, ಇಲ್ಲಿಯ ಸೆಕೆಗೆ ಪಟ್ಟಿ ಕೆಟ್ಟಿರಬೇಕು ಎಂದರು ನನ್ನ ಗಂಡ. ಹೊಸ ಡಬ್ಬಿ ತರುವುದೆಂದು ಮಾತಾಯಿತು. ಅದನ್ನು ತರುವುದಕ್ಕೆ ಮುಂಚೆ ಶಾಲೆಯಿಂದ ಫೋನ್ ಬಂತು. ಪ್ರಾರ್ಥನೆಗೆ ಸಾಲಿನಲ್ಲಿ ನಿಂತಿದ್ದಾಗ ಮಗಳು ಬಿದ್ದಿದ್ದಳು. ಸಿಮೆಂಟಿನ ಕಟ್ಟೆಯಂಚು ಗಲ್ಲಕ್ಕೆ ಬಡಿದಿತ್ತು.

ನಾನು ಗಿಂಡಿಯಿಂದ ಆಟೋ ಹಿಡಿದು ಆಸ್ಪತ್ರೆ ತಲುಪುವ ಹೊತ್ತಿಗೆ ಗಲ್ಲಕ್ಕೆ ಹೊಲಿಗೆ ಹಾಕಿ ಮುಗಿದಿತ್ತು. ಅತ್ತೆ ಮಂಚದ ಪಕ್ಕ ನಿಂತಿದ್ದರು. ಮನೆಯಲ್ಲಿ ಉಟ್ಟ ಸೀರೆಯಲ್ಲೇ ಬಂದಿದ್ದರು. ಮಗಳು ಮಂಪರಿನಲ್ಲಿದ್ದಳು. ಯೂನಿಫಾರ್ಮಿನ ಕಾಲರಿನ ಮೇಲೆ ರಕ್ತ ಒಣಗಿತ್ತು. ಮಧ್ಯಾಹ್ನದೊಳಗೆ ಇನ್ನೊಂದು ಸಲ ಬಂತು. ನಮ್ಮೆಲ್ಲರ ಕಣ್ಣೆದುರೇ ಮಂಚ ಅಲ್ಲಾಡಿತು.

ಡಯಟಿಷಿಯನ್ ಬಂದಳು. ಆಸ್ಪತ್ರೆಯಲ್ಲಿ ಮಾಡಿದ ಪರೀಕ್ಷೆಯಲ್ಲೂ ಬಣ್ಣ ತೆಳುವಾಗಿಯೇ ಬಂದಿತ್ತು. ನಮ್ಮ ಡಬ್ಬಿಯ ಪಟ್ಟಿ ಕೆಟ್ಟಿರಲಿಲ್ಲ. ಏನಾದರೂ ಬದಲಾಯಿಸಿದ್ದೀರಾ ಎಂದು ಅವಳು ತಮಿಳಿನಲ್ಲಿ ಕೇಳಿದಳು. ಟೂತ್‌ಪೇಸ್ಟು, ಕೆಮ್ಮಿನ ಸಿರಪ್ಪು, ಬೇರೆ ಎಣ್ಣೆ? ಯಾರಾದರೂ ಚಾಕಲೇಟು ಕೊಟ್ಟರಾ? ನಾನು ಒಂದೊಂದಕ್ಕೂ ಇಲ್ಲ ಎಂದೆ. ಎಲ್ಲ ಗ್ರಾಮಿನಲ್ಲೇ ತೂಗುತ್ತೇವೆ, ಒಂದು ಗ್ರಾಂ ಆಚೀಚೆ ಆಗುವುದಿಲ್ಲ ಎಂದೆ. ನನ್ನ ದನಿ ಸ್ವಲ್ಪ ಏರಿತ್ತು.

ಹಿಂದಿನಿಂದ ಅತ್ತೆ, "ಏನು ಕೇಳ್ತಾವ್ಳೆ ಆ ಹುಡುಗಿ?" ಎಂದರು.

"ಊಟದಲ್ಲಿ ಏನಾದ್ರೂ ಬದಲಾಯ್ಸಿದ್ರಾ ಅಂತ."

ಅತ್ತೆ ಮಂಚದ ಪಕ್ಕದಿಂದ ಹತ್ತಿರ ಬಂದರು. ಆಮೇಲೆ, "ಬೆಣ್ಣೆ ಬದಲಾಯ್ಸಿದೀವಲ್ಲಮ್ಮ," ಎಂದರು.

ನಾನು ತಿರುಗಿ ಅವರ ಮುಖ ನೋಡಿದೆ. "ಹೇಳು ಅವಳಿಗೆ," ಎಂದರು. "ಅಂಗಡಿದಲ್ಲ, ಮನೇಲಿ ನಾನೇ ಕಡ್ದಿದ್ದು ಅಂತ ಹೇಳು."

ನಾನು ಅದನ್ನು ತಮಿಳಿನಲ್ಲಿ ಹೇಳಬೇಕಾಯಿತು. ಎಷ್ಟು ದಿನದಿಂದ, ಹೇಗೆ ಕಡೆಯುತ್ತಾರೆ, ಎಷ್ಟು ಸಲ ತೊಳೆಯುತ್ತಾರೆ, ನೀರು ಹಿಂಡುತ್ತಾರಾ ಎಂದು ಅವಳು ಕೇಳುತ್ತ ಹೋದಳು. ನಾನು ಕನ್ನಡ ಮಾಡಿ ಅತ್ತೆಗೆ, ಅತ್ತೆಯ ಉತ್ತರವನ್ನು ತಮಿಳು ಮಾಡಿ ಅವಳಿಗೆ. ಅತ್ತೆ ಯಾವುದನ್ನೂ ಮುಚ್ಚಿಡಲಿಲ್ಲ. ಡಯಟಿಷಿಯನ್ ಗದರಲಿಲ್ಲ. ಅಂಗಡಿಯ ಬೆಣ್ಣೆಯಲ್ಲಿ ಇಷ್ಟು ಪಾಲು ಕೊಬ್ಬು ಎಂದು ಗೊತ್ತಿರುತ್ತದೆ, ಲೆಕ್ಕ ಅದರ ಮೇಲೆ ನಿಂತಿದೆ. ಮನೆಯ ಬೆಣ್ಣೆಯಲ್ಲಿ ನೀರೆಷ್ಟು, ಮಜ್ಜಿಗೆಯೆಷ್ಟು ಎಂದು ಯಾರು ಹೇಳಬಲ್ಲರು, ತೂಕ ಸರಿಯಿದ್ದರೂ ತೂಗಿದ್ದರಲ್ಲಿ ನೀರೂ ಸೇರಿತ್ತು ಎಂದಳು. ಇದರಿಂದಲೇ ಆಯಿತೆಂದು ಖಂಡಿತ ಹೇಳಲಾರೆ, ಔಷಧಿ ಇಳಿಸಿದ್ದರಿಂದಲೂ ಆಗಿರಬಹುದು ಎಂದೂ ಹೇಳಿದಳು. ಈ ಕೊನೆಯ ಮಾತನ್ನು ನಾನು ಅತ್ತೆಗೆ ಎರಡು ಸಲ ಕನ್ನಡದಲ್ಲಿ ಹೇಳಿದೆ. ಅವರು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

ಮಗಳನ್ನು ಮನೆಗೆ ಕರೆತಂದ ದಿನ ನನ್ನ ಗಂಡ ರಜೆ ಹಾಕಿದ್ದರು. ಅವರು ಜೋರಾಗಿ ಮಾತಾಡುವ ಮನುಷ್ಯರಲ್ಲ. ಅವತ್ತು ಶೂ ಬಿಚ್ಚುತ್ತ, ತಲೆ ಎತ್ತದೆ ಹೇಳಿದರು: "ಇಬ್ರೂ ಸೇರ್ಕೊಂಡು ಒಂದು ಮಾತು ಡಾಕ್ಟ್ರಿಗೆ ಫೋನ್ ಮಾಡಿ ಕೇಳೋಕೆ ಆಗ್ಲಿಲ್ವಾ? ಅಮ್ಮಂಗೆ ಗೊತ್ತಾಗಲ್ಲ, ನಿಂಗೂ ಗೊತ್ತಾಗಲ್ವಾ?"

"ನೀವೂ ಮನೇಲೇ ಇದ್ರಲ್ಲ ರೀ," ಎಂದೆ. "ಮಗು ತಿಂತಾ ಇದೆ ಅಂತ ನೀವೂ ಖುಷಿಪಟ್ರಿ."

ಅವರು ಇನ್ನೊಂದು ಶೂ ಬಿಚ್ಚಿದರು. ಅಮ್ಮಂಗೆ ಗೊತ್ತಾಗಲ್ಲ ಎನ್ನುವ ಮಾತು ನಡುಮನೆಯಲ್ಲಿ ಹಾಗೇ ಉಳಿಯಿತು. ಅತ್ತೆ ಎದ್ದು ಅಡುಗೆಮನೆಗೆ ಹೋದರು.

ಸ್ವಲ್ಪ ಹೊತ್ತಿನಲ್ಲಿ ಬೆಣ್ಣೆ ಕಾಯುವ ವಾಸನೆ ಬಂತು. ಹೋಗಿ ನೋಡಿದೆ. ಎರಡು ಒಲೆಯ ಮೇಲೆ ಎರಡು ಸಣ್ಣ ಪಾತ್ರೆ. ಒಂದರಲ್ಲಿ ಅಂಗಡಿಯ ಬೆಣ್ಣೆ ನೂರು ಗ್ರಾಂ, ಇನ್ನೊಂದರಲ್ಲಿ ತಾವು ಕಡೆದದ್ದು ನೂರು ಗ್ರಾಂ. ಅಂಗಡಿಯದು ಬೇಗ ನೊರೆಯಡಗಿ ತಿಳಿಯಾಯಿತು. ಬಿಳಿ ಬೆಣ್ಣೆ ಚಟಪಟ ಸಿಡಿಯುತ್ತಲೇ ಇತ್ತು. ಅತ್ತೆ ಕೈಗೆ ಸಿಡಿದದ್ದನ್ನು ಒರೆಸಿಕೊಳ್ಳದೆ ನಿಂತಿದ್ದರು. ಎರಡೂ ಆರಿದ ಮೇಲೆ ಸೋಸಿ, ಖಾಲಿ ಬಟ್ಟಲಿನ ತೂಕ ಕಳೆದು ತೂಗಿದರು. ಅಂಗಡಿಯದರಲ್ಲಿ ಎಂಬತ್ತರ ಹತ್ತಿರ ತುಪ್ಪ ಬಂದಿತ್ತು. ಅವರದರಲ್ಲಿ ಅರವತ್ತು ದಾಟಿ ಸ್ವಲ್ಪ.

"ಬೆಣ್ಣೆ ಕಾಯ್ಸಿದ್ರೆ ಇಳಿಯತ್ತೆ ಅಂತ ನಂಗೆ ಗೊತ್ತಿಲ್ದೆ ಇತ್ತಾ ಹೇಳು," ಎಂದರು. "ಎಷ್ಟು ತುಪ್ಪ ಕಾಯ್ಸಿದೀನಿ. ಮಗು ಬಾಯಿ ತೆಗೀತಲ್ಲ, ಅದೊಂದೇ ಕಂಡಿದ್ದು ನಂಗೆ."

"ನಂಗೂ ಅಷ್ಟೇ ಕಂಡಿದ್ದು ಅತ್ತೆ."

"ನೀನು ಸುಮ್ನೆ ನಂಗೋಸ್ಕರ ಹೇಳ್ಬೇಡ," ಎಂದು ಗ್ಯಾಸ್ ಆರಿಸಿದರು. ಆಗಲೇ ಆರಿತ್ತು ಅದು. ಒಲೆಯ ನಾಬನ್ನು ಇನ್ನೊಂದು ಸಲ ತಿರುಗಿಸಿದರು.

ಮಾರನೆಯ ದಿನದಿಂದ ಅವರು ಮಗಳ ತಟ್ಟೆ ಮುಟ್ಟಲಿಲ್ಲ. ಮನೆಯ ಬೇರೆಲ್ಲ ಕೆಲಸ ಮಾಡುತ್ತಿದ್ದರು, ಬಟ್ಟೆ ಮಡಿಸುತ್ತಿದ್ದರು, ನಮಗೆ ಸಾರು ಮಾಡುತ್ತಿದ್ದರು. ಮಗುವಿನ ಊಟದ ಹೊತ್ತಿಗೆ ಮಾತ್ರ ಬಾಲ್ಕನಿಗೆ ಹೋಗಿ ಕೂರುತ್ತಿದ್ದರು. "ಪಾಟಿ ದಾ ಕುಡುಕಣುಂ," ಪಾಟಿಯೇ ಕೊಡಬೇಕು ಎಂದು ಮಗಳು ಹಟ ಮಾಡಿದರೆ, "ಅಮ್ಮ ಕೊಡ್ತಾಳೆ ಕಂದ, ಪಾಟಿ ಕೈ ನೋಯ್ತದೆ" ಎನ್ನುತ್ತಿದ್ದರು. ನಾನು ಆಫೀಸಿನಲ್ಲಿ ಸಂಬಳವಿಲ್ಲದ ರಜೆ ಕೇಳಿ ಪಡೆದೆ. ಎಷ್ಟೋ ಸಲ ಹೇಳಿದೆ, ನೀವೇ ತೂಗಿ ಅತ್ತೆ, ನಿಮ್ಮಷ್ಟು ಸರಿಯಾಗಿ ನನಗೂ ಬರಲ್ಲ ಎಂದು. ನನ್ನ ಗಂಡ ಒಂದು ಬೆಳಿಗ್ಗೆ ಅವರ ಪಕ್ಕ ಬಾಲ್ಕನಿಯಲ್ಲಿ ಕೂತು, "ಸಿಟ್ಟಲ್ಲಿ ಅಂದೆ ಅಮ್ಮ, ಮನಸ್ಸಿಗೆ ಹಚ್ಕೋಬೇಡ," ಎಂದರು. ಅವರು ಮಗನ ಬೆನ್ನು ಸವರಿ, ನೀನೇನು ಸುಳ್ಳು ಹೇಳ್ಲಿಲ್ಲ ಬಿಡು ಎಂದರು. ಶಾಲೆಗೆ ಬೇಸಿಗೆ ರಜೆ ಬಂದ ಕೂಡಲೇ ಊರಿಗೆ ಹೋಗುತ್ತೇನೆಂದರು. ಸೆಂಟ್ರಲ್ ಸ್ಟೇಷನ್ನಿನಲ್ಲಿ ಮೈಸೂರು ಗಾಡಿ ಹತ್ತಿಸಿ ಬಂದೆವು. ಕಿಟಕಿಯ ಸರಳಿನೊಳಗಿಂದ ಮಗಳ ಗಲ್ಲದ ಗಾಯದ ಗೆರೆಯನ್ನು ಒಂದು ಸಲ ಮುಟ್ಟಿದರು.

ನಾವು ಅಂಗಡಿಯ ಉಪ್ಪಿಲ್ಲದ ಬೆಣ್ಣೆಗೆ ಮರಳಿದೆವು. ಪಟ್ಟಿಯ ಬಣ್ಣ ಮತ್ತೆ ಗಾಢವಾಯಿತು, ಆದರೆ ಆ ಎರಡನೆಯ ತಿಂಗಳಿನಲ್ಲಿದ್ದ ನೆಮ್ಮದಿ ಮರಳಲಿಲ್ಲ. ಫಿಟ್ಸ್ ಅಪರೂಪವಾಯಿತು, ಪೂರ್ತಿ ಹೋಗಲಿಲ್ಲ. ಎರಡು ವರ್ಷ ಹಾಗೇ ನಡೆಸಿ, ಆಮೇಲೆ ಡಾಕ್ಟರು ನಿಧಾನವಾಗಿ ಆ ಊಟವನ್ನು ನಿಲ್ಲಿಸಿದರು. ಹೊಸ ಮಾತ್ರೆಯೊಂದು ಬಂದಿತ್ತು, ಅದು ಅವಳಿಗೆ ತಕ್ಕಮಟ್ಟಿಗೆ ಒಗ್ಗಿತು. ಮನೆಯ ಬೆಣ್ಣೆಯಿಂದಲೇ ಅವತ್ತು ಹಾಗಾಯಿತಾ ಎಂದು ಕೊನೆಯ ಭೇಟಿಯಲ್ಲಿ ನಾನು ಕೇಳಿದೆ. ಇಷ್ಟು ದಿನದ ಮೇಲೆ ಅದನ್ನು ತಿಳಿಯುವ ದಾರಿಯಿಲ್ಲ ಎಂದರು. ಅದನ್ನು ಅತ್ತೆಗೆ ಫೋನಿನಲ್ಲಿ ಹೇಳಿದೆ. "ಆಯ್ತು ಬಿಡಮ್ಮ," ಎಂದು ಅವರು ಊರಿನ ನೀರಿನ ವಿಚಾರ ಎತ್ತಿದರು.

ಮಗಳು ಈಗ ಐದನೆಯ ಕ್ಲಾಸು. ಅನ್ನ ತಿನ್ನುತ್ತಾಳೆ, ಬೆಣ್ಣೆ ಕಂಡರೆ ಮುಖ ತಿರುಗಿಸುತ್ತಾಳೆ. ಹೋದ ತಿಂಗಳು ಮತ್ತೆ ಒಂದು ಸಲ ಬಂತು, ಬಹಳ ದಿನದ ಮೇಲೆ. ಮನೆಯಲ್ಲೇ ಇದ್ದಳು, ಸೋಫಾದ ಮೇಲೆ, ಪೆಟ್ಟಾಗಲಿಲ್ಲ. ಸಂಜೆ ಅತ್ತೆಗೆ ತಿಳಿಸಿದೆ. "ಬಿದ್ಲಾ?" ಎಂದರು. ಇಲ್ಲ ಎಂದೆ. ಅವರು ಫೋನ್ ಇಡಲಿಲ್ಲ. ನಾನೂ ಇಡಲಿಲ್ಲ. ಅವರ ಮನೆಯ ಮುಂದೆ ಬಸ್ಸೊಂದು ಹಾರನ್ ಹಾಕಿ ಹೋದದ್ದು ಕೇಳಿಸಿತು. ಕೊನೆಗೆ, "ನೀನು ಊಟ ಮಾಡ್ದೇನಮ್ಮ?" ಎಂದರು. ಇನ್ನೂ ಇಲ್ಲ ಅತ್ತೆ ಎಂದೆ. "ಹೋಗಿ ಉಣ್ಣು," ಎಂದರು.